ಟೆನಿಸ್ ಚರ್ಚೆ: ಜೂನಿಯರ್ ಫೈನಲ್ ಆಡಿದ ಇಬ್ಬರೂ ಮೇಲೆ ಬಂದರು, ಇದು ಯಾಕೆ ಅಪರೂಪ? (ಪ್ರತಿ ಪೋಸ್ಟ್ ಮೇಲೆ ಇರೋದು ಬರೆದವರ ಬಳಕೆ ಹೆಸರು)

ಮೂರನೇ ಸೆಟ್

2023ರ ಯುಎಸ್ ಓಪನ್ ಬಾಲಕರ ಫೈನಲ್ ಆಡಿದ್ದು ಬ್ರೆಜಿಲ್‌ನ ಜುವಾವ್ ಫೊನ್ಸೆಕಾ ಮತ್ತು ಅಮೆರಿಕದ ಲರ್ನರ್ ಟಿಯೆನ್. ಮೊದಲ ಸೆಟ್ ಕಳೆದುಕೊಂಡರೂ ಫೊನ್ಸೆಕಾ ಗೆದ್ದ. ವರ್ಷದ ಕೊನೆಗೆ ಜೂನಿಯರ್ ನಂಬರ್ 1 ಪಟ್ಟವೂ ಅವನಿಗೇ ಸಿಕ್ಕಿತು. ಮರುವರ್ಷ ಡಿಸೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ, ಎಳೆಯ ವೃತ್ತಿಪರ ಆಟಗಾರರ ವರ್ಷಾಂತ್ಯದ ಟೂರ್ನಿಯಾದ ನೆಕ್ಸ್ಟ್ ಜೆನ್ ಫೈನಲ್ಸ್‌ನಲ್ಲಿ ಕೊನೆಗೆ ಉಳಿದವರೂ ಇದೇ ಇಬ್ಬರು. ಅಲ್ಲೂ ಫೊನ್ಸೆಕಾನೇ ಗೆದ್ದ.

2025ರ ಜನವರಿಯಲ್ಲಿ ಇಬ್ಬರೂ ಅರ್ಹತಾ ಸುತ್ತು ಗೆದ್ದು ಆಸ್ಟ್ರೇಲಿಯನ್ ಓಪನ್ ಮುಖ್ಯ ಡ್ರಾಗೆ (ಮುಖ್ಯ ಸುತ್ತಿನ ಆಟಗಾರರ ಪಟ್ಟಿಗೆ) ಬಂದರು. ಫೊನ್ಸೆಕಾ ಆಂಡ್ರೆ ರುಬ್ಲೆವ್‌ನನ್ನು ಮೂರೇ ಸೆಟ್‌ನಲ್ಲಿ ಸೋಲಿಸಿದ. ಟಿಯೆನ್ ಡೇನಿಯಲ್ ಮೆಡ್ವೆಡೆವ್ ಜೊತೆ ಐದು ಸೆಟ್ ಆಡಿ ರಾತ್ರಿ ಮೂರು ಗಂಟೆ ಹತ್ತಿರ ಗೆದ್ದ. ಆಮೇಲೆ ಫೆಬ್ರವರಿಯಲ್ಲಿ ಫೊನ್ಸೆಕಾ ಬ್ಯೂನಸ್ ಐರಿಸ್‌ನಲ್ಲಿ ಮೊದಲ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಘ) ಪ್ರಶಸ್ತಿ ಗೆದ್ದ, ಅಕ್ಟೋಬರ್‌ನಲ್ಲಿ ಬಾಸೆಲ್ ಗೆದ್ದ. ನವೆಂಬರ್‌ನಲ್ಲಿ ಟಿಯೆನ್ ಮೆಟ್ಜ್ ಗೆದ್ದ.

ಜೂನಿಯರ್ ಗ್ರ್ಯಾಂಡ್ ಸ್ಲಾಮ್ (ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳು) ಫೈನಲ್ ಆಡಿದ ಇಬ್ಬರೂ ಹೀಗೆ ಬೇಗ ಮೇಲೆ ಬರೋದು ಕಡಿಮೆ. ಹಳೇ ಪಟ್ಟಿ ತೆಗೆದು ನೋಡಿದರೆ ಅರ್ಧಕ್ಕರ್ಧ ಹೆಸರುಗಳು ನೆನಪಿಗೇ ಬರಲ್ಲ. ನಡುವಿನ ಆ ಒಂದೂವರೆ ಎರಡು ವರ್ಷದಲ್ಲಿ ಏನು ನಡೆಯುತ್ತದೆ? ಗೊತ್ತಿರುವವರು ಬರೀರಿ. ಪ್ರತಿಭೆ, ಮನೋಬಲ ಅಂತ ಎರಡು ಪದ ಹಾಕಿ ಹೋಗಬೇಡಿ ದಯವಿಟ್ಟು.

ಲೆಟ್ ಸರ್ವ್

ಜೂನಿಯರ್ ಪ್ರಶಸ್ತಿಗೆ ಅಷ್ಟೊಂದು ಬೆಲೆ ಕೊಡೋದೇ ತಪ್ಪು. ಜೊಕೊವಿಚ್ ಜೂನಿಯರ್ ಸಿಂಗಲ್ಸ್ ಸ್ಲಾಮ್ ಗೆದ್ದಿಲ್ಲ. ನಡಾಲ್ ಗೆದ್ದಿಲ್ಲ, ಅವರು ಆಡಿದ್ದೇ ಕಡಿಮೆ. ಅಲ್ಕರಾಜ್ ಗೆದ್ದಿಲ್ಲ. ಸಿನ್ನರ್ ಅಂತೂ ಜೂನಿಯರ್ ರ್‍ಯಾಂಕಿಂಗ್‌ನಲ್ಲಿ ನೂರರ ಒಳಗೂ ಬಂದವರಲ್ಲ. ಚಿಕ್ಕವರಿದ್ದಾಗ ಸ್ಕೀಯಿಂಗ್ ಜಾಸ್ತಿ ಮಾಡ್ತಿದ್ದರು. 2019ರಲ್ಲಿ 17ನೇ ವಯಸ್ಸಿಗೆ ಬೆರ್ಗಾಮೊ ಚಾಲೆಂಜರ್ (ಎಟಿಪಿ ಟೂರ್‌ಗಿಂತ ಒಂದು ಹಂತ ಕೆಳಗಿನ ಟೂರ್ನಿ) ಗೆದ್ದಾಗಲೇ ಜನ ತಿರುಗಿ ನೋಡಿದ್ದು.

ಈ ನಾಲ್ವರ ಹೆಸರು ಬಿಟ್ಟು ಕಳೆದ ಇಪ್ಪತ್ತು ವರ್ಷದ ಪುರುಷರ ಟೆನಿಸ್ ಬರೀರಿ ನೋಡೋಣ.

ಹಳೇ ಮರದ ರ್‍ಯಾಕೆಟ್

ಲೆಟ್ ಸರ್ವ್ ಅವರೇ, ನಿಮಗೆ ಬೇಕಾದ ನಾಲ್ಕು ಹೆಸರು ಮಾತ್ರ ಆರಿಸಿಕೊಂಡಿದ್ದೀರಿ. ಫೆಡರರ್ 1998ರಲ್ಲಿ ವಿಂಬಲ್ಡನ್ ಬಾಲಕರ ಸಿಂಗಲ್ಸ್, ಡಬಲ್ಸ್ ಎರಡೂ ಗೆದ್ದಿದ್ದರು, ಆ ವರ್ಷದ ಜೂನಿಯರ್ ನಂಬರ್ 1 ಸಹ ಅವರೇ. ಮರ್ರೆ 2004ರಲ್ಲಿ ಯುಎಸ್ ಓಪನ್ ಬಾಲಕರ ಪ್ರಶಸ್ತಿ ಗೆದ್ದು, 2012ರಲ್ಲಿ ಅದೇ ಊರಲ್ಲಿ ದೊಡ್ಡವರ ಪ್ರಶಸ್ತಿ ಗೆದ್ದರು. ರಾಡಿಕ್ ಕೂಡ ಹಾಗೇ, 2000 ಮತ್ತು 2003. ಸ್ಟೀಫನ್ ಎಡ್‌ಬರ್ಗ್ 1983ರಲ್ಲಿ ನಾಲ್ಕೂ ಜೂನಿಯರ್ ಸ್ಲಾಮ್ ಗೆದ್ದವರು. ಒಂದೇ ವರ್ಷದಲ್ಲಿ ನಾಲ್ಕೂ ಗೆದ್ದ ಹುಡುಗ ಇವತ್ತಿಗೂ ಅವರೊಬ್ಬರೇ.

ಆದರೆ ಇದರ ಇನ್ನೊಂದು ಮುಖವೂ ಇದೆ. ಡೊನಾಲ್ಡ್ ಯಂಗ್ 2005ರಲ್ಲಿ ಆಸ್ಟ್ರೇಲಿಯನ್ ಓಪನ್ ಬಾಲಕರ ಪ್ರಶಸ್ತಿ ಗೆದ್ದಾಗ ಇನ್ನೂ 15. ಆ ವರ್ಷವೇ ಜೂನಿಯರ್ ನಂಬರ್ 1. ತಕ್ಷಣ ದೊಡ್ಡ ಟೂರ್ನಿಗಳಿಗೆ ವೈಲ್ಡ್ ಕಾರ್ಡ್ (ರ್‍ಯಾಂಕ್ ಸಾಲದಿದ್ದರೂ ಆಯೋಜಕರು ಕೊಡೋ ಜಾಗ) ಮೇಲೆ ವೈಲ್ಡ್ ಕಾರ್ಡ್ ಸಿಕ್ಕವು, ಸಾಲು ಸಾಲಾಗಿ ಮೊದಲ ಸುತ್ತಲ್ಲೇ ಸೋತರು. ಕೊನೆಗೆ 38ನೇ ರ್‍ಯಾಂಕ್ ತನಕ ಹೋದರು. 38 ಅಂದರೆ ಸಣ್ಣ ಮಾತಲ್ಲ, ಭೂಮಿ ಮೇಲೆ 37 ಜನ ಮಾತ್ರ ನಿಮಗಿಂತ ಮುಂದೆ ಇದ್ದಾರೆ ಅಂತ ಅರ್ಥ. ಆದರೂ ಜನ ಅವರನ್ನು ನೆನೆಯೋದು ಆಗದೆ ಹೋದದ್ದಕ್ಕೇ. ಜೂನಿಯರ್ ನಂಬರ್ 1 ಅನ್ನೋ ಹಣೆಪಟ್ಟಿಯ ತೊಂದರೆ ಇದೇ.

ನಮ್ಮವರನ್ನೇ ನೋಡಿ. ರಾಮನಾಥನ್ ಕೃಷ್ಣನ್ 1954ರಲ್ಲಿ ವಿಂಬಲ್ಡನ್ ಬಾಲಕರ ಪ್ರಶಸ್ತಿ ಗೆದ್ದರು, ಮುಂದೆ ಅಲ್ಲೇ ಎರಡು ಸಲ ದೊಡ್ಡವರ ಸೆಮಿಫೈನಲ್ ಆಡಿದರು. ಮಗ ರಮೇಶ್ 1979ರಲ್ಲಿ ವಿಂಬಲ್ಡನ್, ಫ್ರೆಂಚ್ ಎರಡೂ ಜೂನಿಯರ್ ಪ್ರಶಸ್ತಿ ಗೆದ್ದು 23ನೇ ರ್‍ಯಾಂಕ್ ತನಕ ಬಂದರು. ಯೂಕಿ ಭಾಂಬ್ರಿ 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಗೆದ್ದು ನಂಬರ್ 1 ಆದರು, ಆದರೆ ಗಾಯ ಬಿಡಲಿಲ್ಲ. ಅವರ ಅತ್ಯುತ್ತಮ ರ್‍ಯಾಂಕ್ 83 ಬಂದದ್ದು 2018ರಲ್ಲಿ, ಒಂಬತ್ತು ವರ್ಷ ಆದ ಮೇಲೆ.

ಲಕ್ಕಿ ಲೂಸರ್

ನಾನು ಕೆಳಗಿನ ಹಂತದಲ್ಲಿ ಕೆಲ ವರ್ಷ ಆಡಿದವನು. ದೊಡ್ಡ ಸಾಧನೆ ಏನಿಲ್ಲ, ಹೆಸರೇ ಹೇಳುತ್ತಲ್ಲ. ಆದರೆ ಆ ಮೆಟ್ಟಿಲುಗಳ ಮೇಲೆ ಕೂತು ಬೇರೆಯವರು ಹತ್ತೋದನ್ನು ನೋಡಿದ್ದೇನೆ.

ಮೊದಲು ಲೆಕ್ಕ. ಪುರುಷರಲ್ಲಿ ತೀರಾ ಕೆಳಗಿನದು ಎಂ15. ಆ ವಾರದ ಒಟ್ಟು ಬಹುಮಾನ 15 ಸಾವಿರ ಡಾಲರ್. ಮುಖ್ಯ ಡ್ರಾದಲ್ಲಿ 32 ಜನ. ಐದು ಪಂದ್ಯ ಗೆದ್ದು ಪ್ರಶಸ್ತಿ ತೆಗೆದುಕೊಂಡರೆ ಸಿಗೋದು 15 ಎಟಿಪಿ ಅಂಕ, ಎರಡು ಸಾವಿರ ಚಿಲ್ಲರೆ ಡಾಲರ್. ಮೊದಲ ಸುತ್ತಲ್ಲಿ ಸೋತರೆ ಅಂಕ ಸೊನ್ನೆ, ದುಡ್ಡು ಸುಮಾರು 150 ಡಾಲರ್. ಅದರ ಮೇಲೆ ಎಂ25, ಅದರ ಮೇಲೆ ಚಾಲೆಂಜರ್‌ಗಳು: 50, 75, 100, 125, 175. ಗೆದ್ದವರಿಗೆ ಅಷ್ಟಷ್ಟೇ ಅಂಕ. ಆಮೇಲೆ ಎಟಿಪಿ 250, 500, 1000. ಸ್ಲಾಮ್ ಗೆದ್ದರೆ 2000.

ಸ್ಲಾಮ್‌ನ ಅರ್ಹತಾ ಸುತ್ತಿಗೆ ನೇರ ಪ್ರವೇಶ ಬೇಕು ಅಂದರೆ ಹೆಚ್ಚು ಕಡಿಮೆ 250ರೊಳಗೆ ಇರಬೇಕು. ಅಲ್ಲಿಗೆ ಇನ್ನೂರರ ಮೇಲೆ ಅಂಕ ಬೇಕು. ಹದಿನೈದು ಎಂ15 ಗೆದ್ದರೂ 225 ಅಷ್ಟೇ! ಅಂಕಗಳು 52 ವಾರಕ್ಕೆ ಬಿದ್ದು ಹೋಗುತ್ತವೆ. ಹಾಗಾಗಿ ಎಂ15ನಲ್ಲೇ ಗೆಲ್ತಾ ಕೂರೋಕೆ ಆಗಲ್ಲ. ಚಾಲೆಂಜರ್‌ಗೆ ಹೋಗಲೇಬೇಕು, ಹೋದರೆ ಸೋಲು ಖಚಿತ, ಸೋತರೆ ರ್‍ಯಾಂಕಿಂಗ್ ಇಳಿಯುತ್ತದೆ, ಮತ್ತೆ ಎಂ15ಕ್ಕೆ ವಾಪಸ್. ಹೆಚ್ಚಿನವರು ಈ ಸುತ್ತಲ್ಲೇ ಉಳಿದುಬಿಡುತ್ತಾರೆ.

ಇನ್ನು ಆಟ. ಜೂನಿಯರ್‌ನಲ್ಲಿ ಮೊದಲ ಹತ್ತರಲ್ಲಿರುವ ಹುಡುಗನಿಗೆ ವಾರದ ಮೊದಲೆರಡು ಪಂದ್ಯ ಅಷ್ಟೇನೂ ಕಷ್ಟ ಅಲ್ಲ. ಎಂ25ರಲ್ಲಿ ಮೊದಲ ಸುತ್ತಲ್ಲೇ 27 ವರ್ಷದವನೊಬ್ಬ ಸಿಗುತ್ತಾನೆ. ನೋಡೋಕೆ ಅವನ ಆಟದಲ್ಲಿ ಏನೂ ಇಲ್ಲ. ಆದರೆ ರಿಟರ್ನ್ ಪ್ರತಿ ಸಲ ಬೇಸ್‌ಲೈನ್ ಹತ್ತಿರ ಬೀಳುತ್ತದೆ. 30-30 ಇದ್ದಾಗ ಒಂದೂ ಉಚಿತ ಅಂಕ ಕೊಡಲ್ಲ. ಹುಡುಗನ ಎರಡನೇ ಸರ್ವ್ ಸ್ವಲ್ಪ ಚಿಕ್ಕದಾಯ್ತು ಅಂತ ಗೊತ್ತಾದರೆ ಮುಗೀತು, ಒಂದು ಹೆಜ್ಜೆ ಒಳಗೆ ಬಂದು ನಿಂತುಬಿಡುತ್ತಾನೆ. ಜೂನಿಯರ್‌ನಲ್ಲಿ ಎದುರಾಳಿಗೆ ಸಿಗದೆ ಅಂಕ ತರುತ್ತಿದ್ದ ಫೋರ್‌ಹ್ಯಾಂಡ್ ಇಲ್ಲಿ ವಾಪಸ್ ಬರುತ್ತದೆ. ಹುಡುಗ ಇನ್ನೂ ಜೋರಾಗಿ ಹೊಡೆಯುತ್ತಾನೆ, ಹೊರಗೆ ಹೋಗುತ್ತದೆ. ನಾಲ್ಕು ವಾರ ಹೀಗೇ ಆದರೆ ಅವನಿಗೆ ತನ್ನ ಫೋರ್‌ಹ್ಯಾಂಡ್ ಮೇಲೇ ಅನುಮಾನ ಶುರು.

ಮೂರನೇ ಸೆಟ್ ಅವರೇ, ನಿಮ್ಮ ಪೋಸ್ಟ್‌ನಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. 2025ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಫೊನ್ಸೆಕಾ ಸೋತದ್ದು ಎರಡನೇ ಸುತ್ತಲ್ಲಿ, ಐದು ಸೆಟ್‌ನಲ್ಲಿ. ಟಿಯೆನ್ ಸೋತದ್ದು ನಾಲ್ಕನೇ ಸುತ್ತಲ್ಲಿ. ಇಬ್ಬರನ್ನೂ ಸೋಲಿಸಿದ್ದು ಒಬ್ಬನೇ ಆಟಗಾರ, ಇಟಲಿಯ ಲೊರೆಂಜೊ ಸೊನೆಗೊ, ಆಗ ವಯಸ್ಸು 29. ರುಬ್ಲೆವ್, ಮೆಡ್ವೆಡೆವ್ ಬಿದ್ದದ್ದು ಸುದ್ದಿ ಆಯ್ತು. ಆದರೆ ಈ ಚರ್ಚೆಗೆ ಸೊನೆಗೊ ಮುಖ್ಯ. ಒಂದು ದಿನ ಚೆನ್ನಾಗಿ ಹೊಡೆದರೆ ಮೊದಲ ಹತ್ತರವನನ್ನೂ ಸೋಲಿಸಬಹುದು. ಸೊನೆಗೊ ಥರದವರನ್ನು ವಾರ ವಾರ ಸೋಲಿಸೋದು ಬೇರೆ ಕೆಲಸ. ವೃತ್ತಿ ನಿಲ್ಲೋದು ಆ ಎರಡನೇ ಕೆಲಸದ ಮೇಲೆ.

ಮೂರನೇ ಸೆಟ್

ಸೊನೆಗೊ ವಿಷಯ ಗಮನಿಸಿರಲೇ ಇಲ್ಲ, ಚೆನ್ನಾಗಿದೆ ಇದು.

ಹಾಗಾದರೆ ಈ ಇಬ್ಬರು ಆ ಎಂ15, ಚಾಲೆಂಜರ್ ಸುತ್ತಿನಿಂದ ಇಷ್ಟು ಬೇಗ ಹೊರಗೆ ಬಂದದ್ದು ಹೇಗೆ?

ಲಕ್ಕಿ ಲೂಸರ್

ಇಬ್ಬರ ದಾರಿ ಬೇರೆ ಬೇರೆ. ಅದೇ ಕುತೂಹಲ.

ಫೊನ್ಸೆಕಾ 2024ರ ಫೆಬ್ರವರಿಯಲ್ಲಿ ವೈಲ್ಡ್ ಕಾರ್ಡ್ ಪಡೆದು ರಿಯೊ ಓಪನ್ ಆಡಿದ. ಆಗ 17. ಆರ್ಥರ್ ಫಿಲ್ಸ್‌ನನ್ನು 6-0, 6-4ರಲ್ಲಿ ಸೋಲಿಸಿ ಕ್ವಾರ್ಟರ್ ಫೈನಲ್ ತನಕ ಹೋದ. ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಹೋಗುತ್ತೇನೆ ಅಂತ ಅದಾಗಲೇ ಒಪ್ಪಿಕೊಂಡಿದ್ದ. ಆ ವಾರದ ನಂತರ ಅದನ್ನು ಬಿಟ್ಟು ವೃತ್ತಿಪರನಾದ. ಆದರೆ ಅಲ್ಲಿಂದ ಸೀದಾ ಮೇಲೆ ಹಾರಲಿಲ್ಲ. ಮೊದಲ ಚಾಲೆಂಜರ್ ಪ್ರಶಸ್ತಿ ಬಂದದ್ದು ಆಗಸ್ಟ್‌ನಲ್ಲಿ, ಲೆಕ್ಸಿಂಗ್‌ಟನ್‌ನಲ್ಲಿ. ಮುಂದಿನ ಜನವರಿಯಲ್ಲಿ ಕ್ಯಾನ್‌ಬೆರಾ ಚಾಲೆಂಜರ್ ಗೆದ್ದು ಆಮೇಲೆ ಮೆಲ್ಬರ್ನ್‌ಗೆ ಬಂದ. ಇನ್ನೊಂದು ನೋಡಿ: ಬ್ಯೂನಸ್ ಐರಿಸ್ ಗೆದ್ದ ಮರುವಾರವೇ ಸ್ವಂತ ಊರು ರಿಯೊದಲ್ಲಿ ಮೊದಲ ಸುತ್ತಲ್ಲಿ ಸೋತ. ಮಾರ್ಚ್‌ನಲ್ಲಿ ಫೀನಿಕ್ಸ್‌ನಲ್ಲಿ ಮತ್ತೆ ಚಾಲೆಂಜರ್ ಆಡಿ ಗೆದ್ದ. ಎಟಿಪಿ ಪ್ರಶಸ್ತಿ ಕೈಲಿದ್ದ ಮೇಲೂ ಚಾಲೆಂಜರ್‌ಗೆ ಹೋದ ಅನ್ನೋದು ನನಗೆ ಆ ಪ್ರಶಸ್ತಿಗಿಂತ ಜಾಸ್ತಿ ಇಷ್ಟವಾಯ್ತು.

ಟಿಯೆನ್ ಒಂದು ಸೆಮಿಸ್ಟರ್ ಕಾಲೇಜಿಗೆ ಹೋಗಿ ಬಂದವನು. 2024ರಲ್ಲಿ ಗಾಯದಿಂದ ಕೆಲ ಕಾಲ ಹೊರಗಿದ್ದ. ವಾಪಸ್ ಬಂದು ಚಿಕ್ಕ ಟೂರ್ನಿಗಳಲ್ಲಿ ಒಂದರ ಹಿಂದೆ ಒಂದು ಗೆಲ್ತಾ ಹೋದ. ಅವನದು ಫೊನ್ಸೆಕಾ ಥರ ಸಿಡಿಲಿನ ಫೋರ್‌ಹ್ಯಾಂಡ್ ಅಲ್ಲ. ಎಡಗೈ, ಚೆಂಡನ್ನು ಬೇಗ ತೆಗೆದುಕೊಳ್ಳುತ್ತಾನೆ, ಎದುರಾಳಿಯನ್ನು ಅಂಗಳದ ಮೂಲೆಯಿಂದ ಮೂಲೆಗೆ ಓಡಿಸುತ್ತಾನೆ. ನಾನು ಮೇಲೆ ಹೇಳಿದ ಆ 27 ವರ್ಷದವನ ಬುದ್ಧಿ ಇವನಿಗೆ 18ಕ್ಕೇ ಇತ್ತು.

ಲೆಟ್ ಸರ್ವ್

ಫೊನ್ಸೆಕಾಗೆ ರಿಯೊದಲ್ಲಿ ವೈಲ್ಡ್ ಕಾರ್ಡ್ ಕೊಟ್ಟಿದ್ದು ಅವನು ಬ್ರೆಜಿಲ್‌ನವನು ಅಂತ ತಾನೇ? ದೊಡ್ಡ ಟೂರ್ನಿ ನಡೆಸೋ ದೇಶದ ಹುಡುಗರಿಗೆ ಆ ಬಾಗಿಲು ಇದೆ. ಸ್ಲಾಮ್‌ನ ಪುರುಷರ ಡ್ರಾದಲ್ಲಿ 128 ಜಾಗ: 104 ರ್‍ಯಾಂಕಿಂಗ್ ಮೇಲೆ, 16 ಅರ್ಹತಾ ಸುತ್ತಿಂದ, 8 ವೈಲ್ಡ್ ಕಾರ್ಡ್. ಆ ಎಂಟರಲ್ಲಿ ಹೆಚ್ಚಿನವು ಆತಿಥೇಯ ದೇಶದವರಿಗೇ ಹೋಗುತ್ತವೆ. 2025ರ ಯುಎಸ್ ಓಪನ್‌ನಲ್ಲಿ ಮೊದಲ ಸುತ್ತಲ್ಲಿ ಸೋತವರಿಗೂ 1,10,000 ಡಾಲರ್. ಒಂದು ಕಾರ್ಡ್ ಸಿಕ್ಕರೆ ಒಂದಿಡೀ ವರ್ಷದ ಕೋಚ್ ಖರ್ಚು ಮುಗೀತು. ಉಳಿದ ದೇಶದವರು 150 ಡಾಲರ್‌ಗೆ ಆಡ್ತಾ ಇರಬೇಕು. ಇದನ್ನು ಪ್ರತಿಭೆ ಅಂತ ಕರೆಯೋಕೆ ನಾನು ತಯಾರಿಲ್ಲ.

ಹಳೇ ಮರದ ರ್‍ಯಾಕೆಟ್

ದುಡ್ಡಿನ ಮಾತು ನಿಜ. ಸುಮಿತ್ ನಾಗಲ್ 2015ರಲ್ಲಿ ವಿಂಬಲ್ಡನ್ ಬಾಲಕರ ಡಬಲ್ಸ್ ಗೆದ್ದವರು. 2019ರ ಯುಎಸ್ ಓಪನ್‌ನಲ್ಲಿ ಫೆಡರರ್ ಕೈಯಿಂದ ಮೊದಲ ಸೆಟ್ ಕಿತ್ತುಕೊಂಡವರು. ಅಂಥವರೇ 2023ರಲ್ಲಿ, ಖಾತೆಯಲ್ಲಿ ಸಾವಿರ ಯೂರೋ ಕೂಡ ಉಳಿದಿಲ್ಲ ಅಂತ ಬಹಿರಂಗವಾಗಿ ಹೇಳಬೇಕಾಯಿತು. ಕೆಲವೇ ತಿಂಗಳಲ್ಲಿ, 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ, ಅರ್ಹತಾ ಸುತ್ತಿಂದ ಬಂದು ಶ್ರೇಯಾಂಕಿತ ಬುಬ್ಲಿಕ್‌ನನ್ನು ಸೋಲಿಸಿದರು. ಆ ವರ್ಷ 68ನೇ ರ್‍ಯಾಂಕ್ ಮುಟ್ಟಿದರು. ಆ ಒಂದು ಪಂದ್ಯ ಸೋತಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಎದೆ ಝಲ್ ಅನ್ನುತ್ತದೆ.

ಎಟಿಪಿಯವರು 2024ರಿಂದ ಕನಿಷ್ಠ ಆದಾಯದ ಯೋಜನೆ ಒಂದನ್ನು ತಂದಿದ್ದಾರೆ. 2024ರ ಲೆಕ್ಕದಲ್ಲಿ, ಮೊದಲ ನೂರರಲ್ಲಿ ಇರುವವರ ವರ್ಷದ ಗಳಿಕೆ 3 ಲಕ್ಷ ಡಾಲರ್‌ಗಿಂತ ಕಡಿಮೆ ಬಿದ್ದರೆ ಉಳಿದದ್ದನ್ನು ತುಂಬಿ ಕೊಡುತ್ತಾರೆ. 250ನೇ ರ್‍ಯಾಂಕ್ ತನಕ ಕಡಿಮೆ ಮೊತ್ತದಲ್ಲಿ ಇದು ಇದೆ. ಮೊದಲ ಸಲ 125ರೊಳಗೆ ಬಂದವರಿಗೆ 2 ಲಕ್ಷ ಡಾಲರ್ ಮುಂಗಡ. ಒಳ್ಳೆಯದೇ. ಆದರೆ 400ನೇ ರ್‍ಯಾಂಕ್‌ನ ಹುಡುಗನಿಗೆ ಇದರಲ್ಲಿ ಏನೂ ಇಲ್ಲ.

ಡ್ರಾಪ್ ಶಾಟ್

ಎಲ್ಲರೂ ಹುಡುಗರ ಬಗ್ಗೆಯೇ ಬರೀತಾ ಇದ್ದೀರಿ. ಹುಡುಗಿಯರಲ್ಲಿ ಈ ಕಥೆ ಬೇರೆ. ದೇಹ ಬೇಗ ತಯಾರಾಗುತ್ತದೆ, ಹಾಗಾಗಿ 15, 16ಕ್ಕೇ ದೊಡ್ಡವರನ್ನು ಸೋಲಿಸಬಹುದು. ಅಪಾಯ ಇರೋದೂ ಅಲ್ಲೇ.

ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ 14 ತುಂಬುವ ಮೊದಲೇ ವೃತ್ತಿಪರ ಟೂರ್ನಿ ಆಡಿದರು, ಅದೇ ವರ್ಷ ಫ್ರೆಂಚ್ ಓಪನ್ ಸೆಮಿಫೈನಲ್. 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸ್ಟೆಫಿ ಗ್ರಾಫ್‌ರನ್ನು ಸೋಲಿಸಿ ಚಿನ್ನ. 1993ರ ಹೊತ್ತಿಗೆ ಆಟವೇ ಬೇಡವಾಗಿ ಹೊರಗೆ ನಡೆದಿದ್ದರು. ವಾಪಸ್ ಬಂದು 2001ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದದ್ದು ಬೇರೆ ಮಾತು, ಎಲ್ಲರಿಗೂ ಹಾಗೆ ವಾಪಸ್ ಬರೋಕೆ ಆಗಲ್ಲ. ಅವರು ಹಾಗೆ ಹೊರಗೆ ನಡೆದ ಮೇಲೆಯೇ ಡಬ್ಲ್ಯುಟಿಎ (ಮಹಿಳೆಯರ ವೃತ್ತಿಪರ ಟೆನಿಸ್ ಸಂಘ) ವಯಸ್ಸಿನ ಮಿತಿ ಬಿಗಿ ಮಾಡಿದ್ದು. 14 ತುಂಬದವರು ಆಡೋ ಹಾಗಿಲ್ಲ. ಆಮೇಲೆ ವಯಸ್ಸಿನ ಪ್ರಕಾರ ವರ್ಷಕ್ಕೆ ಇಷ್ಟೇ ವೃತ್ತಿಪರ ಟೂರ್ನಿ ಅಂತ ಲೆಕ್ಕ: 15ಕ್ಕೆ 10, 16ಕ್ಕೆ 12, 17ಕ್ಕೆ 16. ಚೆನ್ನಾಗಿ ಆಡಿದವರಿಗೆ ಒಂದೆರಡು ಜಾಸ್ತಿ ಸಿಗುತ್ತವೆ. 18 ಆದ ಮೇಲೆ ಮಿತಿ ಇಲ್ಲ.

ಕೊಕೊ ಗಾಫ್ ಈ ಮಿತಿಯೊಳಗೇ ಬೆಳೆದವರು. 2018ರಲ್ಲಿ 14ಕ್ಕೆ ಫ್ರೆಂಚ್ ಓಪನ್ ಜೂನಿಯರ್ ಪ್ರಶಸ್ತಿ. ಮರುವರ್ಷ ವಿಂಬಲ್ಡನ್ ಅರ್ಹತಾ ಸುತ್ತು ಗೆದ್ದು ಬಂದು ಮೊದಲ ಪಂದ್ಯದಲ್ಲೇ ವೀನಸ್ ವಿಲಿಯಮ್ಸ್‌ರನ್ನು ಸೋಲಿಸಿದಾಗ 15. ಆದರೆ ಸ್ಲಾಮ್ ಬಂದದ್ದು 2023ರಲ್ಲಿ. ಆ ನಾಲ್ಕು ವರ್ಷ ಜನ ಏನೆಲ್ಲ ಅಂದರು ನೆನಪಿದೆಯಾ? ಫೋರ್‌ಹ್ಯಾಂಡ್ ಸರಿ ಇಲ್ಲ, ಡಬಲ್ ಫಾಲ್ಟ್ ಜಾಸ್ತಿ, ಸುಮ್ನೆ ಹೈಪ್. ಆಗ ಅವರ ವಯಸ್ಸು 17, 18. ಅದೇ ವಯಸ್ಸಿನ ಹುಡುಗ ಚಾಲೆಂಜರ್ ಗೆದ್ದರೆ ನಾವು ಚಪ್ಪಾಳೆ ಹೊಡೀತೀವಿ.

ಮಿರ್ರಾ ಆಂಡ್ರೀವಾ 2023ರ ಆಸ್ಟ್ರೇಲಿಯನ್ ಓಪನ್ ಬಾಲಕಿಯರ ಫೈನಲ್‌ನಲ್ಲಿ ಅಲೀನಾ ಕೊರ್ನೀವಾಗೆ ಮೂರು ಗಂಟೆಗೂ ಜಾಸ್ತಿ ಆಡಿ ಸೋತರು. ಮೂರೇ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ದೊಡ್ಡವರ ನಡುವೆ ನಾಲ್ಕನೇ ಸುತ್ತು. 2024ರಲ್ಲಿ ಸಬಲೆಂಕಾರನ್ನು ಸೋಲಿಸಿ ಫ್ರೆಂಚ್ ಓಪನ್ ಸೆಮಿಫೈನಲ್, 2025ರಲ್ಲಿ ದುಬೈ, ಇಂಡಿಯನ್ ವೆಲ್ಸ್ ಎರಡೂ ಪ್ರಶಸ್ತಿ. ಆ ಜೂನಿಯರ್ ಫೈನಲ್ ಸೋತದ್ದಕ್ಕೆ ಈಗ ಯಾವ ಲೆಕ್ಕವೂ ಇಲ್ಲ.

ಫಿಸಿಯೊ

ಡ್ರಾಪ್ ಶಾಟ್ ಮೇಡಂ ಹೇಳಿದ ದೇಹದ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಬೆಳೆಯುವ ವಯಸ್ಸಿನ ಟೆನಿಸ್ ಆಟಗಾರರಲ್ಲಿ ಪದೇ ಪದೇ ಕಾಣುವ ಗಾಯ ಬೆನ್ನಿನ ಕೆಳಭಾಗದ ಬೆನ್ನುಮೂಳೆಯ ಸ್ಟ್ರೆಸ್ ಫ್ರ್ಯಾಕ್ಚರ್ (ಪದೇ ಪದೇ ಬೀಳುವ ಭಾರದಿಂದ ಬರುವ ಸಣ್ಣ ಬಿರುಕು). ಸರ್ವ್ ಮಾಡುವಾಗ ಬೆನ್ನು ಹಿಂದಕ್ಕೆ ಬಾಗಿ, ತಿರುಗಿ, ಪಕ್ಕಕ್ಕೂ ವಾಲುತ್ತದೆ. ಪುಟಿದ ಮೇಲೆ ಚೆಂಡು ಎತ್ತರಕ್ಕೆ ಏಳುವ ಕಿಕ್ ಸರ್ವ್‌ನಲ್ಲಿ ಇದು ಇನ್ನೂ ಜಾಸ್ತಿ. ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದ ಹುಡುಗನ ಸ್ನಾಯುಗಳು ಆ ಭಾರ ಹೊರೋಕೆ ಇನ್ನೂ ತಯಾರಾಗಿರಲ್ಲ. ಅದೇ ಹೊತ್ತಿಗೆ ಕೋಚ್ ಹೇಳುತ್ತಾರೆ, ಎರಡನೇ ಸರ್ವ್ ಗಟ್ಟಿ ಮಾಡು, ದೊಡ್ಡವರು ಹೊಡೆದು ಹಾಕ್ತಾರೆ ಅಂತ. ಮಾತು ಸರಿ. ಆದರೆ ಬುಟ್ಟಿಗಟ್ಟಲೆ ಕಿಕ್ ಸರ್ವ್ ಹೊಡೆಸಿದರೆ ಬೆನ್ನು ಹೋಗುತ್ತದೆ.

ಬೆನ್ನುನೋವು ಎರಡು ವಾರ ಬಿಡದೆ ಇದ್ದರೆ, ಅದರಲ್ಲೂ ಹಿಂದಕ್ಕೆ ಬಾಗಿದಾಗ ಜಾಸ್ತಿ ಆದರೆ, ಸ್ಕ್ಯಾನ್ ಮಾಡಿಸಿ. ಎಕ್ಸ್‌ರೇಯಲ್ಲಿ ಎಷ್ಟೋ ಸಲ ಇದು ಕಾಣಲ್ಲ. ಬೇಗ ಸಿಕ್ಕರೆ ಕೆಲ ತಿಂಗಳ ವಿಶ್ರಾಂತಿಯಲ್ಲಿ ಸಾಮಾನ್ಯವಾಗಿ ಗುಣವಾಗುತ್ತದೆ. ಮುಚ್ಚಿಟ್ಟುಕೊಂಡು ಆಡಿದರೆ ಆ ಮೂಳೆ ಕೂಡದೇ ಉಳಿಯಬಹುದು.

ಗ್ಯಾಲರಿಯ ಅಪ್ಪ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಈಗ ಕೇಳಲೇಬೇಕು. ಮಗಳಿಗೆ 16. ಜೂನಿಯರ್ ರ್‍ಯಾಂಕಿಂಗ್ ನೂರರ ಒಳಗೆ ಈಗಷ್ಟೇ ಬಂದಿದೆ. ಕೋಚ್ ಹೇಳೋದು ಇನ್ನೊಂದು ವರ್ಷ ಜೂನಿಯರ್ ಆಡಿ, ನಾಲ್ಕೂ ಸ್ಲಾಮ್ ಆಡಲಿ ಅಂತ. ಅವಳ ಜೊತೆ ಅಭ್ಯಾಸ ಮಾಡೋ ಹುಡುಗಿಯ ಮನೆಯವರು ಜೂನಿಯರ್ ಪೂರ್ತಿ ಬಿಟ್ಟು ಡಬ್ಲ್ಯು15, ಡಬ್ಲ್ಯು35 (ಮಹಿಳೆಯರ ಕೆಳಹಂತದ ವೃತ್ತಿಪರ ಟೂರ್ನಿಗಳು) ಆಡಿಸುತ್ತಿದ್ದಾರೆ. ಮಗಳಿಗೂ ಅದೇ ಆಸೆ. ನನಗೆ ಯಾವುದೂ ಗೊತ್ತಾಗುತ್ತಿಲ್ಲ. ಅಮೆರಿಕದ ಕಾಲೇಜು ಟೆನಿಸ್ ದಾರಿ ಬಗ್ಗೆಯೂ ಹೇಳಿ.

ಲಕ್ಕಿ ಲೂಸರ್

ಸರ್, ನೂರರ ಒಳಗೆ ಇದ್ದರೆ ನಿಮ್ಮ ಕೈಲಿ ಒಂದು ಒಳ್ಳೆ ಚೀಟಿ ಇದೆ. ಡಬ್ಲ್ಯು15 ಮುಖ್ಯ ಡ್ರಾದಲ್ಲಿ ಜೂನಿಯರ್ ಮೊದಲ ನೂರರವರಿಗೆ ಅಂತ ಮೀಸಲು ಜಾಗ ಇರುತ್ತವೆ. ವೃತ್ತಿಪರ ರ್‍ಯಾಂಕಿಂಗ್ ಇಲ್ಲದಿದ್ದರೂ ಅರ್ಹತಾ ಸುತ್ತು ಆಡದೆ ಒಳಗೆ ಹೋಗಬಹುದು. ಆದರೆ ಜೂನಿಯರ್ ಪೂರ್ತಿ ಬಿಟ್ಟರೆ ಆ ರ್‍ಯಾಂಕಿಂಗ್ ಕರಗುತ್ತದೆ, ಚೀಟಿಯೂ ಹೋಗುತ್ತದೆ. ಹಾಗಾಗಿ ಎರಡನ್ನೂ ಬೆರೆಸಿ ಆಡಿಸಿ.

ಜೂನಿಯರ್ ರ್‍ಯಾಂಕಿಂಗ್ ಲೆಕ್ಕಕ್ಕೆ ಸಿಂಗಲ್ಸ್‌ನಲ್ಲಿ ಒಳ್ಳೆಯ ಆರು ಫಲಿತಾಂಶ ಸಾಕು, ಅದರ ಜೊತೆ ಡಬಲ್ಸ್‌ನ ಆರರಿಂದ ಕಾಲು ಭಾಗ ಅಂಕ. ಅಂದರೆ ಕೆಳಹಂತದ ಜೂನಿಯರ್ ಟೂರ್ನಿಗಳಾದ ಜೆ30, ಜೆ60ಗಳನ್ನು ವಾರ ವಾರ ಆಡೋ ಅಗತ್ಯ ಇಲ್ಲ. ಮೇಲಿನ ಹಂತದ ಜೆ300, ಜೆ500, ಸ್ಲಾಮ್ ಅಂತ ಆರಿಸಿಕೊಳ್ಳಿ. ಡಬಲ್ಸ್ ಬಿಡಬೇಡಿ, ಅಂಕವೂ ಬರುತ್ತದೆ, ನೆಟ್ ಹತ್ತಿರದ ಆಟವೂ ಬರುತ್ತದೆ.

ಉಳಿದ ವಾರಗಳಲ್ಲಿ ಡಬ್ಲ್ಯು15. ನೆನಪಿಡಿ, 16ಕ್ಕೆ ವರ್ಷಕ್ಕೆ 12 ವೃತ್ತಿಪರ ಟೂರ್ನಿ ಮಾತ್ರ. ದೂರದ ದೊಡ್ಡ ಟೂರ್ನಿಯ ಅರ್ಹತಾ ಸುತ್ತಲ್ಲಿ ಒಂದೇ ಪಂದ್ಯ ಸೋತು ಬರೋಕೆ ಆ ಹನ್ನೆರಡನ್ನು ಖರ್ಚು ಮಾಡಬೇಡಿ. ಒಂದೇ ಕಡೆ ಎರಡು ಮೂರು ವಾರ ಸಾಲಾಗಿ ಟೂರ್ನಿ ನಡೆಯೋ ಜಾಗಕ್ಕೆ ಹೋಗಿ. ಮೊದಲ ವಾರ ಸೋತರೂ ಅಲ್ಲೇ ಉಳಿದು ಅಭ್ಯಾಸ ಮಾಡಬಹುದು, ಪ್ರಯಾಣದ ಖರ್ಚೂ ಉಳಿಯುತ್ತದೆ.

ಡ್ರಾಪ್ ಶಾಟ್

> ಉಳಿದ ವಾರಗಳಲ್ಲಿ ಡಬ್ಲ್ಯು15

ಇದನ್ನು ನಾನು ಪೂರ್ತಿ ಒಪ್ಪಲ್ಲ. ಡಬ್ಲ್ಯು15ನಲ್ಲಿ ಎದುರಿಗೆ ಸಿಗೋದು ಎಷ್ಟೋ ಸಲ ಇವಳ ಥರದ ಜೂನಿಯರ್‌ಗಳೇ. ಅಲ್ಲಿ ಗೆದ್ದು ಗೆದ್ದು ಸಮಾಧಾನ ಪಟ್ಟುಕೊಳ್ಳೋದಕ್ಕಿಂತ, ಒಂದೆರಡು ಸಲ ಡಬ್ಲ್ಯು35 ಅರ್ಹತಾ ಸುತ್ತು ಆಡಿ ಸೋಲಲಿ. ಎಲ್ಲಿ ಕಡಿಮೆ ಬಿತ್ತು ಅಂತ ಗೊತ್ತಾಗೋದು ಅಲ್ಲಿ.

ಲಕ್ಕಿ ಲೂಸರ್

ಒಂದೆರಡು ಸರಿ. ಹನ್ನೆರಡರಲ್ಲಿ ಆರು ಹಾಗೆ ಹೋದರೆ ಆ ಹುಡುಗಿ ಪಂದ್ಯ ಆಡೋದು ಯಾವಾಗ? ಈ ವಯಸ್ಸಲ್ಲಿ ಬೇಕಾಗಿರೋದು ಪಂದ್ಯಗಳು. ಸೋಲು ಬೇಕು, ಆದರೆ ಮೂರು ಸೆಟ್ ಹೋಗೋ ಸೋಲು ಬೇಕು. 6-1, 6-1 ಸೋಲಿಂದ ಹೋಟೆಲ್ ಬಿಲ್ ಬಿಟ್ಟು ಏನೂ ಸಿಗಲ್ಲ.

ಡ್ರಾಪ್ ಶಾಟ್

ಮೊದಲ ಸಲ 6-1, 6-1 ಸೋಲದವರು ಯಾರಿದ್ದಾರೆ ಹೇಳಿ! ಇರಲಿ, ಇದರಲ್ಲಿ ನಾವಿಬ್ಬರೂ ಒಪ್ಪೋ ಹಾಗೆ ಕಾಣಲ್ಲ.

ಹಳೇ ಮರದ ರ್‍ಯಾಕೆಟ್

ಕಾಲೇಜು ದಾರಿ ಕೇಳಿದ್ದರಲ್ಲ. ಮೊದಲೆಲ್ಲ ಕಾಲೇಜಿಗೆ ಹೋದರೆ ಟೆನಿಸ್ ಮುಗೀತು ಅನ್ನುತ್ತಿದ್ದರು. ಈಗ ಹಾಗಿಲ್ಲ. ಡೇನಿಯಲ್ ಕಾಲಿನ್ಸ್ ವರ್ಜೀನಿಯಾದಲ್ಲಿ ಓದಿ, ಎರಡು ಸಲ ಅಮೆರಿಕದ ಕಾಲೇಜು ಚಾಂಪಿಯನ್ ಆಗಿ, 2022ರಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ಆಡಿದರು. ಬೆನ್ ಶೆಲ್ಟನ್ 2022ರಲ್ಲಿ ಕಾಲೇಜು ಪ್ರಶಸ್ತಿ ಗೆದ್ದು ಮುಂದಿನ ಜನವರಿಯಲ್ಲೇ ಆಸ್ಟ್ರೇಲಿಯನ್ ಓಪನ್ ಕ್ವಾರ್ಟರ್ ಫೈನಲ್. ಕ್ಯಾಮರಾನ್ ನೋರಿ ಕೂಡ ಕಾಲೇಜಿಂದ ಬಂದವರು. ಕೋಚ್, ಜಿಮ್, ಫಿಸಿಯೊ, ಪಂದ್ಯ ಎಲ್ಲ ಸಿಗುತ್ತದೆ, ಮನೆಯವರ ಜೇಬಿಗೆ ಅಷ್ಟು ಭಾರ ಇಲ್ಲ. 18ಕ್ಕೆ ದೇಹ ತಯಾರಾಗದ ಮಕ್ಕಳಿಗೆ ಇದು ಒಳ್ಳೆ ದಾರಿ ಅಂತ ನನ್ನ ಅಭಿಪ್ರಾಯ. ಒಂದು ಎಚ್ಚರಿಕೆ: ಕಾಲೇಜು ಆಡುವ ಯೋಚನೆ ಇದ್ದರೆ ಬಹುಮಾನದ ದುಡ್ಡು ತೆಗೆದುಕೊಳ್ಳೋ ಮೊದಲು ಕಾಲೇಜು ಕ್ರೀಡೆಯ ನಿಯಮ ಓದಿಕೊಳ್ಳಿ.

ಇನ್ನು ಮಂಡಳಿಗಳು ನಿಯಮ ಬದಲಾಯಿಸುತ್ತಲೇ ಇರುತ್ತವೆ. 2019ರಲ್ಲಿ 15 ಸಾವಿರ ಡಾಲರ್ ಟೂರ್ನಿಗಳಿಂದ ಎಟಿಪಿ, ಡಬ್ಲ್ಯುಟಿಎ ಅಂಕವನ್ನೇ ತೆಗೆದುಬಿಟ್ಟಿದ್ದರು. ನೂರಾರು ಜನರ ರ್‍ಯಾಂಕಿಂಗ್ ರಾತ್ರೋರಾತ್ರಿ ಮಾಯ. ಗಲಾಟೆ ಆಗಿ ಅದೇ ವರ್ಷ ವಾಪಸ್ ಕೊಟ್ಟರು. ಹಾಗಾಗಿ ಹೋದ ವರ್ಷ ಯಾರೋ ಹೇಳಿದ್ದನ್ನು ನಂಬಿಕೊಂಡು ಈ ವರ್ಷದ ಯೋಜನೆ ಮಾಡಬೇಡಿ.

ಮೂರನೇ ಸೆಟ್

ಹುಡುಗರಿಗೆ ಜೂನಿಯರ್‌ನಿಂದ ಚಾಲೆಂಜರ್‌ಗೆ ನೇರ ಪ್ರವೇಶ ಕೊಡೋ ನಿಯಮ ಒಂದಿದೆ ಅಲ್ವಾ? ಯಾರೂ ಹೇಳಲಿಲ್ಲ.

ಲಕ್ಕಿ ಲೂಸರ್

ಇದೆ. ವರ್ಷದ ಕೊನೆಗೆ ಜೂನಿಯರ್ ಮೊದಲ ಹತ್ತರಲ್ಲಿ ಇದ್ದರೆ, ಮುಂದಿನ ವರ್ಷ ಎಂಟು ಸಲ ತನಕ ಚಾಲೆಂಜರ್ 50 ಅಥವಾ 75ರ ಮುಖ್ಯ ಡ್ರಾದಲ್ಲಿ ಜಾಗ. 11ರಿಂದ 20ರ ತನಕ ಇದ್ದವರಿಗೆ ಅರ್ಹತಾ ಸುತ್ತಲ್ಲಿ. ಮೊದಲು ಒಂದು ವರ್ಷ ಎಂ15, ಎಂ25 ಸುತ್ತಿ ದಾಟಬೇಕಿದ್ದ ಮೆಟ್ಟಿಲನ್ನು ಈಗ ಕೆಲವರು ಹಾರಿ ಹೋಗಬಹುದು. 2023ರ ಪೀಳಿಗೆ ಬೇಗ ಮೇಲೆ ಬಂದದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ. ಆ ವರ್ಷದ ಆಸ್ಟ್ರೇಲಿಯನ್ ಓಪನ್ ಬಾಲಕರ ಫೈನಲ್‌ನಲ್ಲಿ ಟಿಯೆನ್‌ನನ್ನು ಸೋಲಿಸಿದವನು ಬೆಲ್ಜಿಯಂನ ಅಲೆಕ್ಸಾಂಡರ್ ಬ್ಲಾಕ್ಸ್. 2025ರ ನೆಕ್ಸ್ಟ್ ಜೆನ್ ಫೈನಲ್‌ನಲ್ಲಿ ಮತ್ತೆ ಅದೇ ಇಬ್ಬರು ಎದುರಾದರು, ಈ ಸಲ ಟಿಯೆನ್ ಗೆದ್ದ. ಅಂದರೆ ಒಂದೇ ವರ್ಷದ ಎರಡು ಜೂನಿಯರ್ ಫೈನಲ್‌ಗಳ ಮೂವರೂ ಮೇಲೆ ಬಂದಿದ್ದಾರೆ.

ಲೆಟ್ ಸರ್ವ್

ಹಾಗಾದರೆ ಜೂನಿಯರ್ ರ್‍ಯಾಂಕಿಂಗ್‌ಗೆ ಬೆಲೆ ಬಂದಿದ್ದು ಆಟದಿಂದ ಅಲ್ಲ, ನಿಯಮದಿಂದ. ನಾನು ಮೊದಲೇ ಹೇಳಿದ್ದು ಇದೇ ಅಲ್ವಾ ಮಾರಾಯರೇ.

ಗ್ಯಾಲರಿಯ ಅಪ್ಪ

ಎಲ್ಲರಿಗೂ ಧನ್ಯವಾದ. ಮಗಳ ಜೊತೆ, ಕೋಚ್ ಜೊತೆ ಕೂತು ಮಾತಾಡಿದೆವು. ಮೂರು ವಾರ ಒಂದೇ ಕಡೆ ಡಬ್ಲ್ಯು15, ಆಮೇಲೆ ಒಂದು ಜೆ300, ಅದಾದ ಮೇಲೆ ಒಂದು ಡಬ್ಲ್ಯು35 ಅರ್ಹತಾ ಸುತ್ತು, ಅದು ಡ್ರಾಪ್ ಶಾಟ್ ಮೇಡಂ ಮಾತಿಗೆ. ಬೆನ್ನುನೋವು ಇದೆಯಾ ಅಂತ ಕೇಳಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದು 'ಆಗಾಗ' ಅಂದಳು. ಮೊದಲು ಸ್ಕ್ಯಾನ್ ಮಾಡಿಸಿ ಆಮೇಲೆ ಹೆಸರು ಕೊಡುತ್ತೇವೆ.

ಫಿಸಿಯೊ

ಒಳ್ಳೆ ಕೆಲಸ ಮಾಡಿದಿರಿ. ವೈದ್ಯರ ಹತ್ತಿರ ಹೋದಾಗ ಸರ್ವ್ ಮಾಡುವಾಗ ನೋವು ಯಾವ ಬದಿಗೆ ಬರುತ್ತದೆ ಅಂತ ಮಗಳೇ ಹೇಳಲಿ. ಸ್ಕ್ಯಾನ್ ಆಗೋ ತನಕ ಕಿಕ್ ಸರ್ವ್ ಬೇಡ, ರ್‍ಯಾಲಿ ಅಭ್ಯಾಸವನ್ನೂ ನೋವಿಲ್ಲದಿದ್ದರೆ ಮಾತ್ರ.

ಲಕ್ಕಿ ಲೂಸರ್

ಸರ್, ಹೆಸರು ಕೊಡೋ ಗಡುವು ಹತ್ತಿರ ಬಂದಿದ್ದರೆ ಈಗಲೇ ಕೊಟ್ಟುಬಿಡಿ. ವಾಪಸ್ ತೆಗೆಯೋಕೆ ಬೇರೆ ಗಡುವು ಇರುತ್ತದೆ, ಅದರೊಳಗೆ ತೆಗೆದರೆ ತೊಂದರೆ ಇಲ್ಲ. ಅದು ದಾಟಿದ ಮೇಲೆ ತೆಗೆದರೆ ಶಿಕ್ಷೆ ಇದೆ. ಜೂನಿಯರ್ ಟೂರ್ನಿಗೂ ವೃತ್ತಿಪರ ಟೂರ್ನಿಗೂ ಒಂದೇ ವಾರಕ್ಕೆ ಹೆಸರು ಕೊಟ್ಟಿದ್ದೀರಾ ಅಂತ ಒಂದು ಸಲ ನೋಡಿಕೊಳ್ಳಿ. ಸ್ಕ್ಯಾನ್ ಫಲಿತಾಂಶ ಬಂದ ದಿನವೇ ಲಾಗಿನ್ ಆಗಿ ಸರಿ ಮಾಡಿ.